ಎರಡನೇ ಆವೃತ್ತಿಯ ಆನೆಗಳು

ಈ ಸಲ ಮನೋಹರನ ಹೊಟ್ಟೆ ಉರಿಸದೆ ಬಿಡುವುದಿಲ್ಲ ಎಂದು ತಿಗನಾರೆಯ ವೃಷಭೇಂದ್ರ ಪಣ ತೊಟ್ಟ. ಅಂಥಿಂಥ ಪಣವಲ್ಲ. ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ, ಬ್ರಷ್ಷನ್ನು ಕತ್ತಿಯಂತೆ ಮೇಲೆತ್ತಿ, ಹಿತ್ತಲ ನುಗ್ಗೆಮರವನ್ನು ಸಾಕ್ಷಿಗಿಟ್ಟು ತೊಟ್ಟ ಘೋರ ಪಣ!

ಅಲ್ಲಿಯವರೆಗೆ ಉರಿದದ್ದು ಅವನದೇ ಹೊಟ್ಟೆ. ಮನೋಹರ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ತಾಳವಾಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ನಡುವೆ ನಾಲ್ಕು ವರ್ಷ ಕೊಯಮತ್ತೂರಿನಲ್ಲಿದ್ದು ಬರುವಾಗ ಒಂದು ಚಟ ಅಂಟಿಸಿಕೊಂಡು ಬಂದ. ಹೆಬ್ಬೆರಳುದ್ದದ ಸೀಸದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಹಾಕಿ, ಟೇಪು ಹಿಡಿದು ಅಳೆದು, ಹಳೇ ಕಾಲದ ಯುದ್ಧಗಳನ್ನು ಮತ್ತೆ ಹೂಡುವ ಆಟ. ಯಾರು ಎಷ್ಟು ಇಂಚು ನಡೆಯಬೇಕು, ಯಾರು ಹೇಗೆ ಸಾಯಬೇಕು ಎಂಬುದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದು ನಿಯಮದ ಪುಸ್ತಕ ಬೇರೆ. ಆ ಚಟ ವೃಷಭೇಂದ್ರನಿಗೂ ದಾಟಿತು. ಭಾನುವಾರ ಬಂತೆಂದರೆ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರು ಮಹಾರಾಜರು.

ಮಹಾರಾಜರು ಇಬ್ಬರು, ಪುಸ್ತಕ ಮಾತ್ರ ಒಂದು. ಅದು ಮೂರನೇ ಆವೃತ್ತಿ, ಮನೋಹರನದು. ಯಾರ ಪುಸ್ತಕವೋ ಅವರ ಮಾತೇ ಕೊನೆ ಎಂಬುದು ಆ ಕೋಣೆಯ ಕಟ್ಟಳೆ. ಮನೋಹರನ ಆರು ಸೀಸದ ಆನೆಗಳು ಪ್ರತಿ ವಾರ ವೃಷಭೇಂದ್ರನ ಕಾಲಾಳುಗಳನ್ನು ಚಟ್ನಿ ಮಾಡುತ್ತಿದ್ದವು. ಅವನು ಬಾಯಿ ತೆರೆಯುವಷ್ಟರಲ್ಲಿ ಮನೋಹರ ಪುಸ್ತಕ ತೆರೆದು, ಪಟಪಟನೆ ಎರಡು ಸಾಲು ಓದಿ, ಟಪ್ಪೆಂದು ಮುಚ್ಚುತ್ತಿದ್ದ.

"ಪುಸ್ತಕದಲ್ಲಿ ಇಂಗೇ ಅದೆ ಕಣ್ಲಾ. ನಾನೇನ್ ಮಾಡ್ಲಿ?"

ಆ 'ನಾನೇನ್ ಮಾಡ್ಲಿ'ಗೆ ವೃಷಭೇಂದ್ರನ ಮೈಯೆಲ್ಲ ಉರಿದುಹೋಗುತ್ತಿತ್ತು. ಸೋಲಿನದೇನೂ ದೊಡ್ಡ ಮಾತಲ್ಲ. ಆ ಪುಸ್ತಕವನ್ನು ಎದೆಗೊತ್ತಿಕೊಂಡು ನಿಲ್ಲುವ ಗತ್ತಿದೆಯಲ್ಲ, ಅದು ತನಗೆ ಬೇಕು. ತಾನೂ ಒಮ್ಮೆ ಹಾಗೆ ಟಪ್ಪೆಂದು ಮುಚ್ಚಬೇಕು, ಅದನ್ನು ಮನೋಹರ ಕಣ್ಣಾರೆ ನೋಡಿ ಬೇಯಬೇಕು.

ಸರಿ, ಪುಸ್ತಕ ಕೊಳ್ಳುವುದು ಖಂಡಿತ. ಯಾವ ಆವೃತ್ತಿ? ಮೂರನೆಯದು ಮನೋಹರನ ಹತ್ತಿರ ಇದೆ. ಅದನ್ನೇ ಕೊಂಡರೆ ಅವನು ಉಟ್ಟು ಬಿಟ್ಟ ಪಂಚೆ ಉಟ್ಟ ಹಾಗೆ. ನಾಲ್ಕನೆಯದು ಈಗಷ್ಟೇ ಬಂದಿದೆ. ಗಟ್ಟಿ ರಟ್ಟು, ಮೈತುಂಬ ಬಣ್ಣದ ಚಿತ್ರ. ಎರಡನೆಯದು ಯಾರೋ ಓದಿ ಮಾರಿದ ಹಳೇ ಪ್ರತಿ, ಆನ್‌ಲೈನ್ ಅಂಗಡಿಯ ಫೋಟೋದಲ್ಲೇ ಅದರ ಹೊಲಿಗೆ ಕಿತ್ತುಬಂದಿತ್ತು. ಈ ಎರಡೂ ಪುಸ್ತಕಗಳ ಆನೆ ನಿಯಮದ ಪುಟಗಳನ್ನು ಫೋನಿನಲ್ಲಿ ತೆಗೆದು ಹೆಂಡತಿ ಶಿವರಂಜನಿಯ ಮುಂದೆ ಹಿಡಿದ. ಅವನ ಇಂಗ್ಲಿಷು ಗೊಬ್ಬರದ ಚೀಲ ಓದುವಷ್ಟು. ಅವಳು ಬಿ.ಎ. ಮಾಡಿದವಳು, ಅಂಗನವಾಡಿ ಟೀಚರು.

ಶಿವರಂಜನಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆಯೇ ಓದಿದಳು. "ನಾಕ್ನೇದ್ರಲ್ಲಿ, ಬೆದರಿದ ಆನೆ ದಾಳ ತೋರ್ಸಿದ್ ಕಡೆ ಓಡ್ತದಂತೆ. ಎರಡ್ನೇದ್ರಲ್ಲಿ, ಜನ ಇಲ್ದೆ ಎಲ್ಲಿ ಜಾಗ ಬುಟ್ಟದೋ ಅಲ್ಗೆ ಓಡ್ತದಂತೆ. ಜಾಗನೇ ಇಲ್ದಿದ್ರೆ ಎದ್ರುಗಿರೋರ ತುಳಿತದಂತೆ. ಎರಡ್ನೇದೇ ತಕ್ಕಳಿ."

"ಅದು ಅರಿದೋಗದೆ ಕಣಮ್ಮಿ."

"ಅರಿದೋದ್ರೆ ಏನು? ಬರ್ದೋನು ಆನೆ ಓಡ್ಸವ್ನೆ. ಆಸನೂರಲ್ಲಿ ನಮ್ಮಪ್ಪನ ಮುಸುಕಿನಜೋಳದ ಒಲಕ್ಕೆ ವರ್ಸಾವರ್ಸ ಬತ್ತಿದ್ದೊ. ದಾಳ ಆಕಂಡು ಓಡೋ ಆನೆಯ ನಾನಂತೂ ಕಂಡಿಲ್ಲ."

ಹೆಂಡತಿಯ ಮಾತು ಕೇಳಿ ಯುದ್ಧಕ್ಕೆ ಹೊರಟ ಮಹಾರಾಜ ಎಂದು ನಾಳೆ ಜನ ನಗಬಾರದಲ್ಲ! ವೃಷಭೇಂದ್ರ ಹಟಕ್ಕೆ ನಾಲ್ಕನೆಯದನ್ನೇ ಆರ್ಡರ್ ಮಾಡಿದ. ಮಾಡಿದವನು ಸುಮ್ಮನಿರಬೇಕಿತ್ತು. ಮನೋಹರನಿಗೆ ಫೋನ್ ಹಚ್ಚಿದ.

"ಮನೋಹರ, ನಾಕ್ನೇ ಎಡಿಷನ್ ಬಂದದೆ, ಗೊತ್ತಾ?"

"ಗೊತ್ತಿಲ್ದೆ ಏನ್ಲಾ? ನೆನ್ನೆನೇ ಬಂತು. ಎದುರ್ಗೇ ಇಟ್ಕಂಡು ಕೂತಿವ್ನಿ. ಪೇಪರು ಏನ್ ನುಣ್ಪು ಅಂತೀಯ."

ವೃಷಭೇಂದ್ರ ಫೋನ್ ಇಟ್ಟ. ಎರಡು ಲೋಟ ನೀರು ಕುಡಿದ. ಆರ್ಡರ್ ರದ್ದು ಮಾಡಿ, ಅದೇ ಸಿಟ್ಟಿನಲ್ಲಿ ಎರಡನೆಯದನ್ನು ತರಿಸಿದ. ಮನೋಹರನ ಹತ್ತಿರ ಇಲ್ಲದ್ದು ಅದೊಂದೇ ಉಳಿದಿತ್ತು. ಹೆಂಡತಿಗೆ ಮಾತ್ರ, "ನಾನೇ ಯೋಚ್ನೆ ಮಾಡಿ ನೋಡ್ದೆ, ಹಳೇದ್ರಲ್ಲಿ ತೂಕ ಅದೆ," ಎಂದ. ಅವಳು ಅವರೆಕಾಳಿನ ಕಡೆ ನೋಡಿಕೊಂಡು ನಕ್ಕಳು.

ಪುಸ್ತಕ ಬಂತು. ಇದರ ಮೇಲೆಯೇ ಆಟ ಆಗಬೇಕು ಎಂದು ಜಗಳಕ್ಕೆ ತಯಾರಾಗಿ ಹೋದರೆ ಮನೋಹರ, "ಆಗ್ಲಿ ಬುಡ್ಲಾ, ಪಾಪ, ಆಸೆ ಪಟ್ಟು ತಂದಿದ್ದೀಯ," ಎಂದುಬಿಟ್ಟ. ಆ 'ಪಾಪ' ಎದೆಗೆ ನಾಟಿತು.

ಪುಸ್ತಕ ತನ್ನದಾದ ಮೇಲೆ ಓದಿ ಹೇಳುವ ಹೊಣೆಯೂ ತನ್ನದೇ. ಆದ್ದರಿಂದ ಮರುವಾರ ಶಿವರಂಜನಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. "ನೀನು ಓದದು, ಅಷ್ಟೇ. ಆಟದ್ ಇಚಾರಕ್ಕೆ ಬರಂಗಿಲ್ಲ," ಎಂದು ದಾರಿಯಲ್ಲೇ ಕರಾರು ಮಾಡಿಸಿದ.

ಆಟ ಶುರುವಾಯಿತು. ವೃಷಭೇಂದ್ರ ಎಂದಿನಂತೆ ಕಾಲಾಳುಗಳನ್ನು ಸಂದಿಲ್ಲದ ಹಾಗೆ ಒತ್ತೊತ್ತಾಗಿ ನಿಲ್ಲಿಸಿದ.

"ಅಂಗಲ್ಲ ಕಣ್ರಿ," ಎಂದಳು ಶಿವರಂಜನಿ. "ಆನೆಗೆ ದಾರಿ ಬುಡಿ."

"ಕರಾರು ಏನಾಗಿತ್ತು?"

ಅವಳು ಮತ್ತೆ ಪುಸ್ತಕ ಹಿಡಿದಳು. ಆನೆಗಳು ಬಂದವು. ಮುಕ್ಕಾಲು ಗಂಟೆಗೆ ಸೈನ್ಯ ಚಟ್ನಿಯಾಗಿ ಡಬ್ಬಿ ಸೇರಿತು. ವೃಷಭೇಂದ್ರ ತಪ್ಪು ಹುಡುಕಲೆಂದು ಪುಸ್ತಕ ತಿರುವಿದರೆ ಹನ್ನೆರಡು ಹಾಳೆ ಕಿತ್ತು ನೆಲಕ್ಕೆ ಬಿದ್ದವು. ಅವನು ಮೇಜಿನ ಕೆಳಗೆ ತೆವಳಿ ಅವನ್ನು ಆಯುತ್ತಿರುವಾಗ ಮೇಲಿಂದ ಮನೋಹರನ ದನಿ ಕೇಳಿತು.

"ಅತ್ಗೆ, ನೀವೊಂದ್ ಕೈ ನೋಡಿ."

ವೃಷಭೇಂದ್ರ ಎದ್ದು ನಿಲ್ಲುವಷ್ಟರಲ್ಲಿ ಶಿವರಂಜನಿ ಸೆರಗು ಸಿಕ್ಕಿಸಿಕೊಂಡು ಸೈನ್ಯ ಜೋಡಿಸಿ ಮುಗಿಸಿದ್ದಳು. ನಟ್ಟನಡುವೆ ಎತ್ತಿನಗಾಡಿ ಹೋಗುವಷ್ಟು ಓಣಿ. ಓಣಿಯ ಎರಡು ಪಕ್ಕಕ್ಕೂ ಸೈನ್ಯದ ತಮಟೆಯವರು. ಎದುರಿಗೆ ಒಬ್ಬ ನರಪಿಳ್ಳೆಯೂ ಇಲ್ಲ. ಮನೋಹರ ನಗುತ್ತ ಆನೆ ನುಗ್ಗಿಸಿದ. ತಮಟೆಗೆ ಬೆದರಿದ ಆರೂ ಆನೆಗಳು, ಎರಡನೇ ಆವೃತ್ತಿಯ ಅಪ್ಪಣೆಯಂತೆ, ಖಾಲಿ ಓಣಿಯಲ್ಲಿ ಶಿಸ್ತಾಗಿ ಓಡಿ ಮೇಜಿನ ಆ ತುದಿಯಿಂದ ಆಚೆಗೆ ಹೋದವು. ಮೇಜು ದಾಟಿದ ಆನೆ ವಾಪಸ್ ಬರುವಂತಿಲ್ಲ.

"ಆನೆಗೆ ಅಡ್ಡ ನಿಂತು ಯಾರ್ ಗೆದ್ದವ್ರೆ, ಮನೋಹರಣ್ಣ?" ಎಂದು ಶಿವರಂಜನಿ ಪುಸ್ತಕವನ್ನು ಟಪ್ಪೆಂದು ಮುಚ್ಚಿದಳು. ಇನ್ನೂ ನಾಲ್ಕು ಹಾಳೆ ಬಿದ್ದವು. ಯಾರೂ ಗಮನಿಸಲಿಲ್ಲ.

ಮನೋಹರನ ಮುಖದಲ್ಲಿ ಅಸೂಯೆ ಉಕ್ಕಿ ಬಂತು. ಇಷ್ಟು ವರ್ಷ ವೃಷಭೇಂದ್ರ ಬಯಸಿ ಬಯಸಿ ಕಾದಿದ್ದ ಅದೇ ಅಸೂಯೆ. ಆದರೆ ಆ ನೋಟ ಅವನನ್ನು ದಾಟಿ ಹೋಗಿ ಅವನ ಹೆಂಡತಿಯ ಮೇಲೆ ನಿಂತಿತು. ಗೆದ್ದದ್ದು ತನ್ನ ಪುಸ್ತಕ, ತನ್ನ ಸೈನ್ಯ, ತನ್ನ ಮನೆಯಾಕೆ. ಉರಿಯುತ್ತಿರುವುದು ಮಾತ್ರ ಮತ್ತೆ ತನ್ನದೇ ಹೊಟ್ಟೆ. ಇದ್ಯಾವ ನ್ಯಾಯ ಎಂದು ಅವನು ಮನೆ ಮುಟ್ಟುವವರೆಗೂ ಬೈಕಿನ ಗೇರಿನ ಮೇಲೆ ಸಿಟ್ಟು ತೀರಿಸಿಕೊಂಡ.

ಶುಕ್ರವಾರ ಮಧ್ಯಾಹ್ನ ಮನೋಹರನ ಫೋನ್ ಬಂತು.

"ಭಾನ್ವಾರ ಅತ್ ಗಂಟೆಗೇ ಬತ್ತೀನಿ ಕಣ್ಲಾ," ಎಂದ ವೃಷಭೇಂದ್ರ. "ಓಣಿ ಬುಡದ ನಾನೂ ಕಲ್ತಿವ್ನಿ."

"ಸಂತೋಷ ಕಣ್ಲಾ. ಫೋನ ಅತ್ಗೆ ಕೈಗೆ ಕೊಡು."

ಅತ್ತಿಗೆ ಕಾಲು ಗಂಟೆ ಮಾತಾಡಿದಳು. ಕುದುರೆಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದರ ಬಗ್ಗೆ ವಾದ ಮಾಡಿದಳು. ಎರಡು ಸಲ ನಕ್ಕಳು. ವೃಷಭೇಂದ್ರ ಎಣಿಸಿದ. ಅವಳು ಫೋನ್ ವಾಪಸ್ ಕೊಟ್ಟಾಗ ಕೇಳದೆ ಇರಲಾಗಲಿಲ್ಲ.

"ಅಂಗಾದ್ರೆ ನಾನ್ ಬರದು ಬ್ಯಾಡ್ವಾ?"

ಶಿವರಂಜನಿಗೆ ಪಾಪ ಅನ್ನಿಸಿರಬೇಕು. ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು.

"ಬ್ಯಾಡ ಅಂತ ಯಾರಂದ್ರು? ಬನ್ನಿ. ಸತ್ತೋರ ಎತ್ತಿ ಡಬ್ಬಿಗೆ ಆಕಕ್ಕೆ ಒಬ್ರು ಬೇಕಲ್ಲ."