ಅಡವಿಯಪ್ಪನ ಹೆಸರಿನ ಪ್ರಾರ್ಥನೆ

"ತಾತ, ಶುಕ್ರವಾರ ನಮ್ ಸ್ಕೂಲ್ ಪ್ರಾರ್ಥನೇಲಿ ನಿನ್ ಹೆಸ್ರು ಹೇಳ್ತೀನಿ!"

ಮೊಮ್ಮಗಳು ಮಧುಶ್ರೀ ಫೋನಿನಲ್ಲಿ ಆಡಿದ ಈ ಒಂದು ಮಾತಿಗೆ ಹಾಗಲವಾಡಿಯ ಅಡವಿಯಪ್ಪ ಊಟ ನಿದ್ದೆ ಎರಡನ್ನೂ ಬಿಟ್ಟ. ಹುಡುಗಿ ಓದುತ್ತಿದ್ದದ್ದು ತುಮಕೂರಿನಲ್ಲಿ, ಬಟವಾಡಿಯ ಕಡೆ ಕ್ರೈಸ್ತ ಸಿಸ್ಟರುಗಳು ನಡೆಸುವ ಶಾಲೆಯಲ್ಲಿ, ಮೂರನೇ ಕ್ಲಾಸು. ಅಲ್ಲಿ ಶುಕ್ರವಾರ ಕೊನೇ ಪೀರಿಯಡ್ಡಿಗೆ ಮಕ್ಕಳೆಲ್ಲ ಪ್ರಾರ್ಥನಾ ಹಾಲಿನಲ್ಲಿ ಸೇರುತ್ತಾರೆ. ಸರದಿ ಬಂದವರು ಎದ್ದು ನಿಂತು ತಮಗೆ ಬೇಕಾದ ಒಬ್ಬರಿಗಾಗಿ ದೇವರನ್ನು ಕೇಳಿಕೊಳ್ಳಬೇಕು, ಉಳಿದವರು ಆಮೆನ್ ಅನ್ನಬೇಕು.

ಮಧುಶ್ರೀ ಹುಟ್ಟಿದಾಗಿನಿಂದ ಅವಳ ಹೆಸರು, ನಕ್ಷತ್ರ ಹೇಳಿ ಅಡವಿಯಪ್ಪ ಅರ್ಚನೆ ಮಾಡಿಸದ ಗುಡಿಯಿಲ್ಲ. ಆದರೆ ಅವನ ಹೆಸರನ್ನು ದೇವರ ಮುಂದೆ ಎತ್ತುತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಹೋದ ಮೇಲೆ ಯಾವ ದೇವರಿಗೂ ಅಡವಿಯಪ್ಪ ಅನ್ನೋನು ಒಬ್ಬ ಇದ್ದಾನೆ ಅಂತ ನೆನಪಿಸುವವರಿಲ್ಲ. ಈಗ ಆ ಪುಟ್ಟ ಬಾಯಲ್ಲಿ ತನ್ನ ಹೆಸರು ಬರುತ್ತದೆ ಅಂದರೆ ಸುಮ್ಮನಿರಲಾದೀತೇ? ಒಂದೇ ಒಂದು ಸಲ ಅದನ್ನು ಕಿವಿಯಾರೆ ಕೇಳಬೇಕು ಅಂತ ಅವನ ಜೀವ ಒದ್ದಾಡಿತು.

"ಹೊರಗಿನೋರ್ನ ಬಿಡಲ್ಲ ಅಪ್ಪ ಅಲ್ಲಿ," ಅಂದಳು ಫೋನಿನಲ್ಲೇ ಮಗಳು ಶಿಲ್ಪಾ, ಮಧುಶ್ರೀಯ ಅಮ್ಮ. "ನೀನ್ ಬಂದು ಏನಾದ್ರೂ ಎಡವಟ್ಟು ಮಾಡಿದ್ರೆ ಪಾಪ, ಎಲ್ರೂ ಮಧೂನ ಆಡ್ಕೋತಾರೆ."

"ಆಯ್ತು ಬುಡವ್ವ, ಬರಾಕಿಲ್ಲ," ಅಂದ ಅಡವಿಯಪ್ಪ, ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಪಂಚೆ ಉಟ್ಟು, ಬ್ಯಾಗಿಗೆ ಹಣ್ಣುಕಾಯಿ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದ.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ವಕ್ಕರಿಸಿದವನು ಅದೇ ಊರಿನ ಕರಿಸಿದ್ದಪ್ಪ. ವಾರಕ್ಕೊಮ್ಮೆ ತುಮಕೂರು ನೋಡುವುದರಿಂದ ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ.

"ನಂಗೆ ಅಲ್ಲಿ ರೀತಿರಿವಾಜು ತಿಳೀದು ಕಣ್ಲಾ," ಅಂತ ಅಡವಿಯಪ್ಪ ಹೊರಟ ವಿಷಯ ಹೇಳಿ ಅಳುಕಿದ.

"ಯಾವ ದೇವ್ರಾದ್ರೂ ದೇವ್ರ ಮನೆ ದೇವ್ರ ಮನೇನೇ ಕಣೋ! ಚಪ್ಲಿ ಬುಡು, ಗಂಟೆ ಹೊಡಿ, ಒಳೀಕ್ ಹೋಗು. ಯಾವೋನ್ ಕೇಳ್ತಾನೆ?"

ಕೇಳುವವನೊಬ್ಬ ಗೇಟಿನಲ್ಲೇ ಇದ್ದ. ವಾಚ್‌ಮನ್ ಅಶ್ವಥ್.

"ಎಲ್ಲಿಗೆ ಯಜಮಾನ್ರೇ? ಪಾಸ್ ಇದೆಯಾ?"

"ಪಾಸ್ ಇಲ್ಲ ಕಣಪ್ಪ. ಕಾಯಿ ಅದೆ."

ಅಶ್ವಥ್ ಬ್ಯಾಗಿನೊಳಗೆ ಇಣುಕಿದ. ತೆಂಗಿನಕಾಯಿ, ಬಾಳೆಹಣ್ಣು. "ಓ, ಅಡುಗೆಮನೆಗಾ? ಮೊದ್ಲೇ ಹೇಳ್ಬಾರ್ದಾ! ಹಾಲ್ ಪಕ್ಕದಿಂದ ಹಿಂದಕ್ ಹೋಗಿ."

ಅಡವಿಯಪ್ಪ ಹಿಂದಕ್ಕೆ ಹೋಗಲಿಲ್ಲ, ಹಾಲಿನ ಮುಂದೆ ನಿಂತ. ಒಳಗೆ ಖಾಲಿ ಬೆಂಚುಗಳು, ಎದುರಿಗೆ ನೀಲಿ ಸೆರಗು ಹೊದ್ದ ಮಾತೆಯ ವಿಗ್ರಹ. ಒಳ್ಳೆ ಸಮಯಕ್ಕೆ ಬಂದೆ ಅಂದುಕೊಂಡು ಚಪ್ಪಲಿ ಬಿಟ್ಟ. ಬಾಗಿಲ ಪಕ್ಕದಲ್ಲೇ ಹಗ್ಗ ಕಟ್ಟಿದ ದೊಡ್ಡ ಹಿತ್ತಾಳೆ ಗಂಟೆ! ಕರಿಸಿದ್ದಪ್ಪ ಭೇಷ್ ಅನ್ನಿಸಿತು. ಬಂದಿದ್ದೀನಿ ತಾಯಿ ಅಂತ ತಿಳಿಸದೆ ಒಳಗೆ ಕಾಲಿಡುವುದು ಹೇಗೆ? ಒಂದು ಸಲ ಎಳೆದ. ಸಮಾಧಾನವಾಗಲಿಲ್ಲ. ಕಣ್ಣುಮುಚ್ಚಿ, ಮಹಾಮಂಗಳಾರತಿಗೆ ಬಾರಿಸಿದ ಹಾಗೆ ಉದ್ದಕ್ಕೆ ಬಾರಿಸಿದ.

ಅಯ್ಯೋ ಶಿವನೇ, ಅದು ಸ್ಕೂಲು ಬಿಡುವ ಬೆಲ್ಲು!

ಪ್ರಾರ್ಥನೆಗೆ ಹೊರಡಲು ಸಾಲು ನಿಂತಿದ್ದ ಮಕ್ಕಳು ಹೋ ಅಂತ ಕಿರುಚಿ, ಕೋಡಿ ಬಿದ್ದ ಕೆರೆಯಂತೆ ಗೇಟಿನ ಕಡೆ ನುಗ್ಗಿದರು. ವ್ಯಾನಿನವರು ಕುಡಿಯುತ್ತಿದ್ದ ಟೀ ಚೆಲ್ಲಿ ಗಾಡಿ ಸ್ಟಾರ್ಟ್ ಮಾಡಿದರು. "ನಿಲ್ಲಿ! ನಿಲ್ಲಿ!" ಅಂತ ಹೆಡ್‌ಮಿಸ್ ಸಿಸ್ಟರ್ ಜಸಿಂತಾ ಓಡಿಬಂದರೆ ನಿಲ್ಲುವವರು ಯಾರು? ಶುಕ್ರವಾರ ಬೇರೆ.

ಆ ಗದ್ದಲದಲ್ಲಿ ಅಡವಿಯಪ್ಪನಿಗೆ ಕಂಡದ್ದು ಒಂದೇ ಮುಖ. ಒಂದು ಜಡೆಯ ರಿಬ್ಬನ್ ಬಿಚ್ಚಿಹೋಗಿ, ನೀರಿನ ಬಾಟಲಿ ಸೊಂಟಕ್ಕೆ ಬಡಿಯುತ್ತ ಮಧು ಅವನ ಮುಂದೆಯೇ ಓಡಿದಳು. ಕೈ ಚಾಚಿದರೆ ಸಿಗುತ್ತಿದ್ದಳು. ಹಬ್ಬ ಕಳೆದ ಮೇಲೆ ನೋಡಿರಲಿಲ್ಲ, ಎಷ್ಟು ಉದ್ದ ಆಗಿದ್ದಾಳೆ! 'ಮಧೂ' ಅನ್ನೋದು ಗಂಟಲವರೆಗೆ ಬಂತು. ಶಿಲ್ಪಾಳ ಮಾತು ನೆನಪಾಯಿತು. ಟವೆಲ್ಲನ್ನು ತಲೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿದ. ತಿರುಗಿ ನೋಡುವಷ್ಟರಲ್ಲಿ ವ್ಯಾನು ಹೋಗಿತ್ತು.

"ಬೆಲ್ ಹೊಡ್ದಿದ್ದು ನೀವಾ?" ಸಿಸ್ಟರ್ ಏದುಸಿರು ಬಿಡುತ್ತ ಬಂದರು. "ಯಾರು ನೀವು? ಯಾವ ಮಗುವಿನ ತಾತ?"

ಹೆಸರು ಹೇಳಿದರೆ ಸೋಮವಾರ ಇಡೀ ಸ್ಕೂಲು ಅವಳನ್ನು ನೋಡಿ ನಗುತ್ತದೆ.

"ಯಾರ ತಾತನೂ ಅಲ್ಲ ಕಣ್ ತಾಯಿ. ನಂಗೆ ಮೊಮ್ಮಕ್ಕಳೇ ಇಲ್ಲ."

"ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

ಹೇಳುವಾಗ ಕಣ್ಣು ತುಂಬಿತು. ಅದನ್ನು ನೋಡಿ ಸಿಸ್ಟರ್ ಅವರ ಸಿಟ್ಟು ಜರ್ರನೆ ಇಳಿಯಿತು. "ಕೂತ್ಕೊಳ್ಳಿ, ಟೀ ಕುಡೀರಿ," ಅನ್ನುತ್ತಿದ್ದಂತೆ ಅಡವಿಯಪ್ಪ ಹಣ್ಣುಕಾಯಿಯ ಬ್ಯಾಗನ್ನು ಅವರ ಕೈಗೆ ತುರುಕಿ ಬರಿಗಾಲಲ್ಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಸಂಜೆ ಊರು ಸೇರುವಷ್ಟರಲ್ಲಿ ಫೋನು ಬಂತು.

"ತಾತ, ಇವತ್ತು ಪ್ರಾರ್ಥನೇನೇ ಆಗ್ಲಿಲ್ಲ! ಯಾರೋ ತಾತ ಬಂದು ಬೆಲ್ ಹೊಡ್ದುಬಿಟ್ರಂತೆ. ಸಿಸ್ಟರ್ ಅಮ್ಮನ ಫೋನಿಗೆ, ಕ್ಲಾಸ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದಾರೆ. ಸೋಮವಾರ ಪ್ರಾರ್ಥನೆ."

ಅಡವಿಯಪ್ಪನ ಜೀವ ಮರಳಿ ಬಂತು. "ಅದಕ್ಕೇನವ್ವ, ನನ್ ಹೆಸ್ರ ಸೋಮವಾರ ಹೇಳುವಂತೆ ಬುಡು."

"ಇಲ್ಲ ತಾತ. ಪಾಪ, ಆ ತಾತಂಗೆ ಮನೇಲಿ ಯಾರೂ ಇಲ್ವಂತೆ. ಅಳ್ತಿದ್ರಂತೆ. ಅವ್ರಿಗೋಸ್ಕರ ಯಾರು ಕೇಳ್ಕೋತೀರಾ ಅಂದ್ರು ಸಿಸ್ಟರ್. ನಾನೇ ಅಂದ್ಬಿಟ್ಟೆ. ಒಂದ್ ಸಲಕ್ಕೆ ಒಬ್ರೇ ಅಲ್ವಾ, ಅದಕ್ಕೆ ನಿನ್ನ ತೆಗ್ದೆ. ನಿಂಗೆ ಹೆಂಗೂ ನಾನಿದೀನಲ್ಲ!"

ಅಡವಿಯಪ್ಪ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಏನಂತ ಕೇಳ್ಕೋತೀಯವ್ವ?"

"ಅವ್ರಿಗೂ ಒಬ್ಳು ಮೊಮ್ಮಗಳು ಸಿಗ್ಲಿ ಅಂತ. ಹೆಸ್ರು ಗೊತ್ತಿಲ್ಲ, ಯಾರೋ ತಾತ ಅಂತೀನಿ. ಸಾಕಲ್ವಾ?"

"ಸಾಕು ಕಣವ್ವ," ಅಂದ ಅಡವಿಯಪ್ಪ. "ಹಾಗಲವಾಡಿಗೆ ಕೇಳೋ ಹಂಗೆ, ಒಸಿ ಜೋರಾಗ್ ಹೇಳು."