ಮೇಷ್ಟ್ರು ಗ್ರೋಕ್ ಮಾಡಿದ್ದು

ಹೊಗೆ ಹಿಡಿಸಿದ ಮೀನು ಹಾಲಿನಲ್ಲಿ ಕುದಿಯುವ ವಾಸನೆ ಬಂದರೆ ಸಾಕು, ನಿನಿಯನ್ ಟಾಡ್ ಮೇಷ್ಟ್ರಿಗೆ ಬಾಯಲ್ಲಿ ನೀರೂ ಮುಖದಲ್ಲಿ ನಾಚಿಕೆಯೂ ಒಟ್ಟಿಗೇ ಬರುತ್ತಿದ್ದವು. ಚಿಕ್ಕವರಾಗಿದ್ದಾಗ ಅವರು ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಉಣ್ಣುವವರ ಬಾಯನ್ನೇ ನೋಡುತ್ತಿದ್ದರು. "ಗ್ರೋಕ್ ಮಾಡ್ಬೇಡ್ವೋ!" ಎಂದು ಅಜ್ಜಿ ಕಿವಿ ಹಿಡಿದು ಎಳೆದೊಯ್ಯುತ್ತಿದ್ದಳು. ಬಾಯಿಬಿಟ್ಟು ಕೇಳದೆ, ಜಾಗ ಬಿಟ್ಟು ಕದಲದೆ, ಉಣ್ಣುವವರ ತಟ್ಟೆಗೇ ಕಣ್ಣು ನೆಟ್ಟು ಕೂರುವುದಕ್ಕೆ ಸ್ಕಾಟ್ಲೆಂಡಿನ ಹಳಬರು ಇಟ್ಟ ಹೆಸರು ಅದು. ಶಾಲೆ ಮುಗಿಯುವ ತನಕ ಹುಡುಗ 'ಗ್ರೋಕ್ ನಿನಿಯನ್' ಆಗಿಯೇ ಉಳಿದ.

ದೂರದೂರುಗಳಲ್ಲಿ ಪಾಠ ಹೇಳಿ, ನಿವೃತ್ತರಾಗಿ ಮರಳಿದ ಮೇಲೆ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ಅಷ್ಟರಲ್ಲಿ ಊರ ಸಭಾಂಗಣದಲ್ಲಿ ಶನಿವಾರಕ್ಕೊಂದು ಹಳೆಯ ಪದದ ಮೇಲೆ ಉಪನ್ಯಾಸ ಶುರುವಾಯಿತು. ಚೀಟಿ ಎತ್ತಿದಾಗ ಮೇಷ್ಟ್ರ ಪಾಲಿಗೆ ಬಂದದ್ದು ಅದೇ ಪದ! ಇದು ಮನುಷ್ಯರಿಗೆ ಹೇಳುವ ಮಾತೇ ಅಲ್ಲವೆಂದು ಸಾಧಿಸಿ, ಆ ಹೆಸರನ್ನು ಶಾಶ್ವತವಾಗಿ ಹೂತುಬಿಡೋಣ ಎಂದುಕೊಂಡರು.

ಅದೇ ಗಾಬರಿಯಲ್ಲಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಸಭಾಂಗಣದ ಬಾಗಿಲಲ್ಲೇ ಮೀನಿನ ಸೂಪಿನ ಹಂಡೆ. ಬಡಿಸುತ್ತಿದ್ದವನು ಗ್ಲಾಸ್ಗೋ ಪಟ್ಟಣದಿಂದ ಬಂದು ಹೊಸದಾಗಿ ಅಂಗಡಿ ಹಾಕಿದ್ದ ವಾಟಿ.

"ಒಂದು ಬಟ್ಟಲು ಹಾಕ್ಲಾ ಮೇಷ್ಟ್ರೇ?"

"ಬೇಡಪ್ಪ, ಈಗ ತಾನೇ ಆಯ್ತು."

ಆ ಊರಲ್ಲಿ ಮೊದಲ ಸಲ ಬೇಡವೆನ್ನಬೇಕು, ಎರಡನೆಯ ಸಲ ಕೈಚಾಚಬೇಕು. ಮೇಷ್ಟ್ರು ಎರಡನೆಯ ಸಲಕ್ಕೆ ಕಾದರು.

"ಹಾಗಾದ್ರೆ ಸರಿ," ಎಂದ ವಾಟಿ, ಅದೇ ಬಟ್ಟಲು ಹಿಡಿದು ಮುಂದಿನ ಸಾಲಿನಲ್ಲಿ ಹೋಗಿ ಕೂತ.

"ಈ ಪದ ಎಲ್ಲಿಂದ ಬಂತೋ ಪಂಡಿತರಿಗೂ ಸರಿಯಾಗಿ ಗೊತ್ತಿಲ್ಲ," ಎಂದು ಮೇಷ್ಟ್ರು ಆರಂಭಿಸಿದರು. "ಆದ್ರೆ ಒಂದಂತೂ ಸತ್ಯ, ಇದು ನಾಯಿಗೆ ಮಾತ್ರ. ಮಾನವಂತ ಮನುಷ್ಯ ಯಾವತ್ತೂ..."

ವಾಟಿಯ ಚಮಚ ಮೇಲೆದ್ದಿತು. ಮೇಷ್ಟ್ರ ಕಣ್ಣೂ ಮೇಲೆದ್ದಿತು. ಚಮಚ ಬಾಯೊಳಗೆ ಹೋಯಿತು, ಮೇಷ್ಟ್ರು ಎಂಜಲು ನುಂಗಿದರು. ಮಾತು ಕೀ ಕೊಡದ ಗಡಿಯಾರದಂತೆ ನಿಂತೇ ಹೋಯಿತು. ವಾಟಿಯ ಕಾಲ ಬುಡದಲ್ಲಿ ಅವನ ನಾಯಿಯೂ ಅದೇ ಚಮಚವನ್ನು ಅದೇ ಮುಖ ಮಾಡಿಕೊಂಡು ನೋಡುತ್ತಿತ್ತು. ಜನ ನಾಯಿಯನ್ನು ನೋಡಿದರು, ಮೇಷ್ಟ್ರನ್ನು ನೋಡಿದರು.

"ಇನ್ನು ಬಿಡಿಸಿ ಹೇಳೋದು ಬೇಡ ಮೇಷ್ಟ್ರೇ, ಅರ್ಥ ಆಯ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರ ಕಿವಿ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತು. ಆದರೆ ನಗುವಿನ ಬೆನ್ನಿಗೇ ಚಪ್ಪಾಳೆ! ಎಲ್ಲರೂ ಅದನ್ನು ನಟನೆಯೆಂದೇ ತಿಳಿದಿದ್ದರು. ಬದುಕಿದೆ ಎಂದುಕೊಂಡ ಮೇಷ್ಟ್ರು, "ಹೂಂ, ತುಂಬಾ ಅಭ್ಯಾಸ ಮಾಡಿದ್ದೆ," ಎಂದುಬಿಟ್ಟರು.

"ಹಾಗಾದ್ರೆ ಮುಂದಿನ ಶನಿವಾರ ಪಕ್ಕದೂರಲ್ಲೂ ಮಾಡಿ," ಎಂದಳು ಅಧ್ಯಕ್ಷೆ ಗ್ರಿಜೆಲ್. "ಗೋಡೆಗೋಡೆಗೂ ಪೋಸ್ಟರ್ ಅಂಟಿಸ್ತೀವಿ. 'ಗ್ರೋಕ್ ನಿನಿಯನ್'! ಹೆಂಗಿದೆ ಹೆಸರು? ಈಗ ಹೊಳೀತು ನೋಡಿ!"

"ಬೇಡ ಕಣಮ್ಮ! ದಯವಿಟ್ಟು ಬೇಡ!"

"ಮೊದಲ್ನೇ ಸಲ ಎಲ್ರೂ ಹಂಗೇ ಅಂತಾರೆ ಬಿಡಿ," ಎಂದು ನಕ್ಕು ಗ್ರಿಜೆಲ್ ಹೊರಟೇ ಹೋದಳು.

ಮೇಷ್ಟ್ರು ಪರದೆಯ ಹಿಂದೆ ಹೋಗಿ ತಲೆ ತಗ್ಗಿಸಿ ಕೂತರು. ಚಿಕ್ಕಂದಿನಲ್ಲಿ ಅವರು ಬಾಗಿಲಲ್ಲಿ ನಿಲ್ಲುತ್ತಿದ್ದ ಆ ಪಕ್ಕದ ಮನೆಯ ಮಗಳು, ಈಗ ಮುದುಕಿಯಾದ ಎಲ್ಸ್‌ಪೆಟ್, ಬಟ್ಟಲು ತುಂಬಿಸಿಕೊಂಡು ಅಲ್ಲಿಗೆ ಬಂದಳು. ಕೇಳಿದರೆ ಬೇಡವೆನ್ನಬೇಕಾದೀತೆಂದೋ ಏನೋ, ಬೇಕಾ ಎಂದು ಕೇಳಲಿಲ್ಲ. ಬಿಸಿ ಬಟ್ಟಲನ್ನು ಅವರ ಕೈಗಿಟ್ಟು, ಅವರು ಉಣ್ಣುವುದು ಕಣ್ಣಿಗೆ ಬೀಳದಂತೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು.