ಸುಜಾತಾ ಹಾಕಿದ ಕೀಲಿ

ಮಾನ್ವಿಯ ಪಂಪಾಪತಿ ಆ ದಿನ ಮೊದಲು ಮಾಡಿದ ತಪ್ಪು ಇಷ್ಟೇ: ಲ್ಯಾಪ್‌ಟಾಪನ್ನು ಮನೆಯೊಳಗೆ ಕೂತು ತೆರೆಯುವುದು ಬಿಟ್ಟು ಬಾಗಿಲ ಮುಂದಿನ ಕಟ್ಟೆಗೆ ತಂದ. ಕಟ್ಟೆಗೆ ಬಂದದ್ದು ಓಣಿಯ ಸ್ವತ್ತು. ಎದುರು ಮನೆಯ ಬೂದೆಪ್ಪ, ಸೊಸೈಟಿಯಿಂದ ರಿಟೈರಾದ ಗುಮಾಸ್ತ, ಚಹಾದ ಕಪ್ಪು ಹಿಡಿದುಕೊಂಡೇ ಬಂದು ಪಕ್ಕದಲ್ಲಿ ಕೂತ.

ಲ್ಯಾಪ್‌ಟಾಪು ಪಂಪಾಪತಿಯ ಹೆಂಡತಿ ಸುಜಾತಾಳದು. ಆಕೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ದೇವದುರ್ಗದಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಳು. ಹಳ್ಳಿಯವರಿಗೆ ಕೇಳಿಸಲೆಂದು ತನ್ನ ದನಿಯಲ್ಲೇ ಬುದ್ಧಿಮಾತು ರೆಕಾರ್ಡ್ ಮಾಡಿದ್ದು ಅದರೊಳಗಿತ್ತು. ಸಂಸ್ಥೆ ಮುಚ್ಚಿತು, ಲ್ಯಾಪ್‌ಟಾಪು ಆಕೆಗೇ ಉಳಿಯಿತು. ಪಂಪಾಪತಿಯ ಹತ್ತಿರ ಆಕೆಯ ಫೋಟೋ ಬೇಕಾದಷ್ಟಿದ್ದವು, ದನಿ ಮಾತ್ರ ಬೇರೆಲ್ಲೂ ಇರಲಿಲ್ಲ. ಆ ದನಿ ಹೆಂಗಿತ್ತು ಅನ್ನುವುದೇ ಮರೆಯುತ್ತಿದೆ ಅನ್ನಿಸಿ ಈಚೆಗೆ ಪಾಪ, ಆತನಿಗೆ ಊಟ ಸೇರುತ್ತಿರಲಿಲ್ಲ.

ಆನ್ ಮಾಡಿದರೆ ಕರಿ ಪರದೆ ಪಾಸ್‌ವರ್ಡ್ ಕೇಳಿತು.

“ಹೆಣ್ಮಕ್ಕಳದು ಅಂದ್ರ ತವರುಮನಿ ಹೆಸರೇ ಇರ್ತದ, ತಗೋ,” ಎನ್ನುತ್ತ ಬೂದೆಪ್ಪ ತಾನೇ ‘ಪೋತ್ನಾಳ’ ಎಂದು ಒತ್ತಿದ. ತಪ್ಪು. ನೀರಿಗೆ ಹೊರಟಿದ್ದ ಬಂಡೆಮ್ಮ ಕೊಡ ಇಳಿಸಿ, “ಎಮ್ಮಿ ಹೆಸರು ಹಾಕ್ರಿ, ಚಂದ್ರಿ ಮ್ಯಾಲ ಆಕಿಗೆ ಭಾಳ ಜೀವ ಇತ್ತು” ಅಂದಳು. ಅದೂ ತಪ್ಪು. ಪಂಪಾಪತಿ ಕಸಿದುಕೊಳ್ಳುವಷ್ಟರಲ್ಲಿ ಬೂದೆಪ್ಪ ತನ್ನ ಮನೆದೇವರ ಹೆಸರನ್ನೂ ಒತ್ತಿ ಮುಗಿಸಿದ್ದ.

“ಇದು ರಾಯಚೂರಿನ ಕೆಲಸ. ನಡಿ, ನಾನೂ ಬರ್ತೀನಿ,” ಎಂದು ಬೂದೆಪ್ಪ ಎದ್ದ. ಬ್ಯಾಡ ಅನ್ನಲು ಪಂಪಾಪತಿಗೆ ಬಾಯಿ ಬರಲಿಲ್ಲ. ಯಾವತ್ತು ಬಂದಿತ್ತು?

ರಾಯಚೂರಿನ ರಿಪೇರಿ ಅಂಗಡಿಯ ಮತೀನ್ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ, ಬೆನ್ನಿಗಂಟಿದ್ದ ಸಂಸ್ಥೆಯ ಚೀಟಿ ನೋಡಿದ.

“ಡಿಸ್ಕ್ ಬಿಚ್ಚಿ ಇನ್ನೊಂದಕ್ಕ ಹಚ್ಚು,” ಬೂದೆಪ್ಪ ಹುಕುಂ ಕೊಟ್ಟ.

“ಆಗಂಗಿಲ್ಲ ಚಾಚಾ. ಕೀಲಿ ಲ್ಯಾಪ್‌ಟಾಪಿಗಲ್ಲ, ಡಿಸ್ಕಿನ ಹೊಟ್ಟ್ಯಾಗೇ ಅದ. ಒಳಗಿದ್ದದ್ದನ್ನೆಲ್ಲ ಅದೇ ಓದಾಕ ಬರದಂಗ ಕಲಸಿ ಇಟ್ಟಿರ್ತದ. ಪೇಷಂಟ್ ಹೆಣ್ಮಕ್ಕಳ ಗುಟ್ಟು ಹೊರಗ ಹೋಗಬಾರದಂತ ಸಂಸ್ಥೆದವ್ರು ಇಂಥಾದ್ದೇ ಹಾಕಸ್ತಾರ. ಐದು ಸಲ ತಪ್ಪಿದ್ರ ಒಳಗಿನ ಕೀಲಿಕೈ ತಾನೇ ಅಳಿಸಿಬಿಡ್ತದ. ಆಮ್ಯಾಲ ಯಾರ ಕೈಲೂ ಆಗಂಗಿಲ್ಲ. ನೀವು ಎಷ್ಟು ಸಲ ಒತ್ತೀರಿ?”

ಬೂದೆಪ್ಪ ರಸ್ತೆಯ ಕಡೆ ನೋಡತೊಡಗಿದ.

ಸುಜಾತಾಳ ಜೊತೆ ಕೆಲಸ ಮಾಡಿದ ಗುಲ್ಫಶಾ ಈಗ ದೇವದುರ್ಗದಲ್ಲಿ ಟೀಚರು. ಪಂಪಾಪತಿ ಆಕೆಗೆ ಫೋನು ಹಚ್ಚಿದ. ಸ್ವಿಚ್ ಆಫ್. “ಸಂಜಿತನ ಕಾಯ್ರಿ, ಗಡಿಬಿಡಿ ಮಾಡಬ್ಯಾಡ್ರಿ,” ಎಂದ ಮತೀನ್. ಆದರೆ ಒಂದು ವರ್ಷ ಕಾದವನಿಗೆ ಇನ್ನೊಂದು ಗಳಿಗೆ ಕಾಯಲಾಗಲಿಲ್ಲ. ಮದುವೆಯ ತಾರೀಖು ಒತ್ತಿದ. ತಪ್ಪು. ಉಳಿದದ್ದು ಒಂದೇ ಸಲ.

“ಲೇ, ನಿನ್ನ ಹೆಸರು ಹಾಕಲೇ,” ಎಂದ ಬೂದೆಪ್ಪ.

ಆ ದಿನ ಪಂಪಾಪತಿ ನಕ್ಕದ್ದು ಆಗಲೇ. “ಆಕಿ ಒಂದಿನಾನೂ ನನ್ನ ಹೆಸರು ತಗೊಂಡಾಕಿ ಅಲ್ರಿ, ಗಂಡನ ಆಯುಷ್ಯ ಕಡಿಮಿ ಆಗ್ತದಂತ. ರೇಷನ್ ಕಾರ್ಡಿಗೆ ಗಂಡನ ಹೆಸರು ಕೇಳಿದ್ರ ‘ಹಂಪಿ ದೇವರ ಹೆಸರ್ರಿ’ ಅಂದ್ಲು. ಬರಕೊಳ್ಳೋ ಪುಣ್ಯಾತ್ಮ ಪಂಪಾಪತಿ ಬಿಟ್ಟು, ಅದೇ ದೇವರ ಇನ್ನೊಂದು ಹೆಸರು ವಿರೂಪಾಕ್ಷ ಅಂತ ಬರದ. ಇವತ್ತಿಗೂ ಕಾರ್ಡಿನ್ಯಾಗ ನಾ ವಿರೂಪಾಕ್ಷನೇ.”

ಬೂದೆಪ್ಪ ತೊಡೆ ತಟ್ಟಿದ. “ಮತ್ತ ಅದೇ ಅಲ್ಲೇನೋ ಪಾಸ್‌ವರ್ಡು?”

ಪಂಪಾಪತಿಗೂ ಹೌದಲ್ಲ ಅನ್ನಿಸಿತು. ಆ ಕಾರ್ಡು ನೋಡಿದಾಗಲೆಲ್ಲ ಆಕೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಮತೀನ್ ತಡೆಯುವಷ್ಟರಲ್ಲಿ ‘ವಿರೂಪಾಕ್ಷ’ ಎಂದು ಒತ್ತಿದ.

ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಮತೀನ್ ಬಗ್ಗಿ ಓದಿದ. “ಖಾಲಿ ಆತಣ್ಣಾ,” ಎಂದು ಮೆಲ್ಲಗೆ ಹೇಳಿ ಮುಚ್ಚಳ ಹಾಕಿಕೊಟ್ಟ.

ಮಾನ್ವಿ ಬಸ್ಸಿನಲ್ಲಿ ಕೂತಿದ್ದಾಗ ಗುಲ್ಫಶಾಳ ಫೋನು ಬಂತು.

“ಪರೀಕ್ಷಾ ಡ್ಯೂಟಿ ಇತ್ತಣ್ಣಾ, ಫೋನ್ ಬಂದ್ ಮಾಡಿದ್ದೆ. ಸುಜಾತಕ್ಕನ ಪಾಸ್‌ವರ್ಡಾ? ನಿಮ್ಮ ಹೆಸರೇ. ಬಾಯಿಲೆ ಹೇಳದಾಕಿ ದಿನಾ ಬೆರಳಿಲೆ ಹೆಂಗ ಹೇಳ್ತಿ ಅಂತ ನಾ ಕಾಡಸ್ತಿದ್ದೆ. ಒತ್ತಿದ್ರ ಏನಾಗಂಗಿಲ್ಲ ಬಿಡು ಅಂತಿದ್ಲು.”

ಪಂಪಾಪತಿ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟ.

“ಮತ್ತ ಅದ್ರಾಗ ನಿಮಗಂತ ಒಂದು ಒಡಪು ಹೇಳಿ ಇಟ್ಟಾಳ, ಕೇಳಿದ್ರಿಲ್ಲ? ಪ್ರಾಸ ಕೂಡಿಸಿ, ನಿಮ್ಮ ಹೆಸರು ಹಚ್ಚಿ ಹೇಳಿದ್ದು. ಮದಿವಿ ದಿನ ಬಂದಾಗ ಕೇಳಸಬೇಕು, ಅವರ ಹೆಸರು ಒಮ್ಮೆರ ತಗೊಂತೀನಿ ಅಂದಿದ್ಲು. ಅಷ್ಟ್ರಾಗ ಹಿಂಗಾತು.”

“ಏನಂತ ಹೇಳಿದ್ಲವ್ವಾ? ನಿನಗ ನೆನಪದ ಏನು?”

“ನಾ ಕೇಳಿಲ್ಲಣ್ಣಾ. ನಾಚಿ ನನ್ನ ಹೊರಗ ಕಳಿಸಿ ಬಾಗಲಾ ಹಾಕ್ಕೊಂಡ್ಲು. ನೀವು ಕೇಳಿ ನನಗೂ ಹೇಳ್ರಿ.”

“ಆತವ್ವಾ,” ಅಂದು ಪಂಪಾಪತಿ ಫೋನು ಇಟ್ಟ.

“ಏನಂದ್ಲು?” ಬೂದೆಪ್ಪ ಕೇಳಿದ.

“ಆಕಿಗೂ ಗೊತ್ತಿಲ್ಲಂತ.”

“ಮತ್ತೇನು, ನಮ್ಮ ಕೈಲಿ ಆದದ್ದು ನಾವು ಮಾಡಿದಿವಿ,” ಎಂದು ಬೂದೆಪ್ಪ ಸಮಾಧಾನದಿಂದ ಪಂಪಾಪತಿಯ ಹೆಗಲಿಗೆ ತಲೆಯಾನಿಸಿ ಮಲಗಿಬಿಟ್ಟ. ಪಂಪಾಪತಿ ಆತನ ನಿದ್ದೆ ಕೆಡದಂತೆ ಮೆಲ್ಲಗೆ ಕಣ್ಣು ಒರೆಸಿಕೊಂಡ.